ರಾತ್ರಿ ಬಂದು ಬೆಳಗ್ಗೆ ಹೋಗುವ ಅಪ್ಪ

ಆಗೆಲ್ಲ ವಡೋದರಾದ ನಮ್ಮ ಸೊಸೈಟಿಯಲ್ಲಿ ಬೇಸಿಗೆ ಬಂತೆಂದರೆ ಅಡುಗೆಮನೆಗಳು ತಾರಸಿ ಹತ್ತುತ್ತಿದ್ದವು. ಸಕ್ಕರೆ ಬೆರೆಸಿದ ಮಾವಿನ ತುರಿ ಬಿಸಿಲಲ್ಲಿ ಪಾಕವಾಗುತ್ತಿತ್ತು. ಹೆಂಗಸರು ಸಾಲಾಗಿ ಕೂತು ಹಪ್ಪಳ ಲಟ್ಟಿಸುತ್ತಿದ್ದರು. ನಾವು ಮಕ್ಕಳು ಹಸಿ ಹಿಟ್ಟಿನ ಉಂಡೆ ಕದ್ದು, ಎಣ್ಣೆಯಲ್ಲಿ ಅದ್ದಿ ತಿಂದು, ಕುಂಟೆಬಿಲ್ಲೆಗೆ ಓಡುತ್ತಿದ್ದೆವು.

ನಿಮ್ಮ ಯಜಮಾನರು ಕಾಣುವುದೇ ಇಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅಮ್ಮನ ಉತ್ತರ ಸಿದ್ಧವಿತ್ತು: "ಹೋಟೆಲಿನವರಲ್ವಾ, ರಾತ್ರಿ ಬಂದು ಬೆಳಕು ಹರಿಯುವ ಮೊದಲೇ ಹೋಗ್ತಾರೆ." ಉಡುಪಿ ಹೋಟೆಲಿನವರೆಂದರೆ ಹಾಗೆಯೇ ಇರಬೇಕೆಂದು ಎಲ್ಲರೂ ನಂಬಿದ್ದರು. ನಿಜವೆಂದರೆ, ನಾನು ಎರಡನೇ ಕ್ಲಾಸಿನಲ್ಲಿದ್ದಾಗಲೇ ಅಪ್ಪ ನಮ್ಮನ್ನು ಬಿಟ್ಟು ಸೂರತ್ತಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದರು. ಟೀಚರಾಗಿದ್ದ ಅಮ್ಮ ಆಮೇಲೆ ತನ್ನ ಸಂಬಳದಲ್ಲಿ ಕಂತು ಕಟ್ಟಿ ಈ ಫ್ಲ್ಯಾಟ್ ಕೊಂಡಿದ್ದಳು. ಆದರೂ ಗಂಡ ಬಿಟ್ಟವಳು ಎನ್ನಿಸಿಕೊಳ್ಳಲು ಅವಳಿಗೆ ಸಾಯುವಷ್ಟು ನಾಚಿಕೆ. ನನಗೂ ಅಷ್ಟೇ.

ನನ್ನ ಆರನೇ ಕ್ಲಾಸಿನ ರಜೆಯಲ್ಲಿ ಅಪ್ಪನ ಹೋಟೆಲು ಮುಳುಗಿ, ಅವರು ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿದರು. ನಮ್ಮ ಮನೆ ಹೆಂಡತಿಯ ಹೆಸರಿನಲ್ಲಿದ್ದರೂ ದುಡ್ಡು ಗಂಡನದೇ, ಅವನು ವಾಸವಿರುವುದೂ ಅಲ್ಲೇ ಎಂದು ಸಾಲ ಕೊಟ್ಟವರು ದೂರಿದ್ದರಂತೆ. ಹಾಗೆಂದು ತೀರ್ಮಾನವಾದರೆ ಮನೆ ಹರಾಜಿಗೆ. ವಿಚಾರಿಸಲು ಕೋರ್ಟಿನವರೊಬ್ಬರು ನೇರ ತಾರಸಿಗೇ ಬಂದರು.

ಎದುರು ಮನೆಯ ಕೋಕಿಲಾಬೆನ್ ಲಟ್ಟಣಿಗೆ ನಿಲ್ಲಿಸದೆ, "ಭಾಯಿ ಇಲ್ಲೇ ಇರ್ತಾರಲ್ಲ! ಬೆಳಗ್ಗೆ ಅವರ ಸ್ಕೂಟರಿನ ಸದ್ದು ದಿನಾ ಕೇಳ್ತೀನಿ" ಎಂದು ಗುಜರಾತಿಯಲ್ಲಿ ಹೇಳಿಬಿಟ್ಟರು. ನಮಗೆ ಉಪಕಾರ ಮಾಡುವ ಭರದಲ್ಲಿ ಮಹಾತಾಯಿ ಇಲ್ಲದ ಸ್ಕೂಟರನ್ನೂ ಓಡಿಸಿದ್ದರು. ಉಳಿದವರು ಹೌದೌದು ಎಂದರು.

ನಾನು ಅಮ್ಮನ ಸೆರಗು ಹಿಡಿದೆಳೆದೆ. "ಅಮ್ಮಾ, ಎಂತದ್ದೂ ಹೇಳ್ಬೇಡ. ಎಲ್ಲರಿಗೂ ಗೊತ್ತಾಗ್ತದೆ."

"ಮನೆ ಹೋದ್ರೆ ನಾವು ಎಲ್ಲಿಗೆ ಹೋಗುದು ಮಗಾ?"

ಅಮ್ಮ ಎದ್ದು ನಿಂತಳು. ಕೈಗೆ ಹಿಟ್ಟು ಮೆತ್ತಿಕೊಂಡೇ ಇತ್ತು. ಮುರುಕು ಗುಜರಾತಿಯಲ್ಲಿ, ಆದರೆ ಕ್ಲಾಸಿನ ಗಟ್ಟಿ ದನಿಯಲ್ಲಿ ಹೇಳಿದಳು: "ಇವರ ತಪ್ಪಿಲ್ಲ. ಸುಳ್ಳು ಹೇಳಿದ್ದು ನಾನು. ಯಜಮಾನರು ನನ್ನನ್ನು ಬಿಟ್ಟು ನಾಲ್ಕು ವರ್ಷವಾಯಿತು. ಬೇರೆ ಹೆಂಗಸಿನ ಜೊತೆ ಇದ್ದಾರೆ. ಈ ಮನೆ ನನ್ನ ದುಡಿಮೆಯದು."

ನನ್ನ ಗೆಳತಿಯರು ಆಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅಲ್ಲೇ ಸತ್ತುಹೋಗಬಾರದೇ ಅನ್ನಿಸಿತು ನನಗೆ.

ಆ ಹೆಂಗಸರೇ ಮುಂದೆ ಅಮ್ಮನ ಪರವಾಗಿ ಸಾಕ್ಷಿ ಹೇಳಿದರು. ಮನೆ ಉಳಿಯಿತು.

ಅಲ್ಲಿಯವರೆಗೆ ಬಟ್ಟೆ ಒಣಗಿಸುವ ಹಗ್ಗಕ್ಕಾಗಿ ಅಮ್ಮನಿಗೂ ಕೋಕಿಲಾಬೆನ್‌ಗೂ ದಿನಾ ಜಟಾಪಟಿ. ಆದರೂ ಸಂಜೆಯಾದರೆ ಇಬ್ಬರೂ ಒಟ್ಟಿಗೇ ಚಹಾ ಕುಡಿಯುತ್ತಿದ್ದರು. ಆ ಬೇಸಿಗೆಯ ನಂತರ ಒಳ್ಳೆ ಬಿಸಿಲು ಬೀಳುವ ಹಗ್ಗವನ್ನು ಎಲ್ಲರೂ ಅಮ್ಮನಿಗೇ ಬಿಟ್ಟುಕೊಟ್ಟರು, ಪಾಪ ಒಂಟಿ ಹೆಂಗಸು ಎಂದು. ಮನೆ ಇವತ್ತಿಗೂ ನಮ್ಮದೇ. ಆದರೆ ಅಲ್ಲಿ ಅಮ್ಮನ ಜೊತೆ ಮತ್ತೆ ಯಾರೂ ಜಗಳವಾಡಲಿಲ್ಲ.