ಕೈಗೆ ಮಣ್ಣು ಕೊಟ್ಟವನು ನಾನು

ಕಳೆದ ಚಳಿಗಾಲದಲ್ಲಿ ಬರ್ ದುಬೈಯ ಒಂದು ಹೋಟೆಲಿನ ಮಹಡಿಯಲ್ಲಿ ಅವನ ನೆನಪಿಗೆ ಸಭೆ ಕರೆದಿದ್ದರು. ಅವನು ನಮ್ಮ ಕಬಡ್ಡಿ ತಂಡದ ರೈಡರ್. ಕರಾವಳಿಯಿಂದ ಇಲ್ಲಿಗೆ ದುಡಿಯಲು ಬಂದ ನಮ್ಮಂಥವರಿಗೆ ಒಂದು ಕಾಲದಲ್ಲಿ ವಾರದ ರಜೆ ಎಂದರೆ ಅವನ ಆಟವೇ. ಅವನು ತೀರಿಕೊಂಡು ತಿಂಗಳಾಗಿತ್ತಷ್ಟೆ. ಅವನ ಹೆಂಡತಿ ಅಬುಧಾಬಿಯಿಂದ, ಮಗಳ ಮನೆಯಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಆ ತಂಡದ ಮ್ಯಾನೇಜರ್ ಆಗಿದ್ದವನು. ಒಂದು ಮಾತನ್ನು ಆಕೆಯ ಎದುರಿಗೇ ಹೇಳಬೇಕೆಂದು ನಿಶ್ಚಯಿಸಿಕೊಂಡು ಹೋಗಿದ್ದೆ.

ಮೊದಲು ಅಭಿಮಾನಿಗಳು ಮಾತಾಡಿದರು. ಅವನು ಎದುರಾಳಿಯನ್ನು ಮುಟ್ಟಿ ಬಂದ ಮೇಲೆ, ಬಿದ್ದವನನ್ನು ಎಬ್ಬಿಸಲು ತಿರುಗಿ ಕೈ ಚಾಚುತ್ತಿದ್ದುದನ್ನು ಒಬ್ಬರು ನೆನೆದರು. ಅವನ ಆಟ ನೋಡಲು ಡ್ಯೂಟಿ ತಪ್ಪಿಸಿ ಸೂಪರ್‌ವೈಸರ್ ಕೈಗೆ ಸಿಕ್ಕಿಬಿದ್ದದ್ದನ್ನು ಇನ್ನೊಬ್ಬರು ಹೇಳಿದರು. ಆ ಸೂಪರ್‌ವೈಸರ್ ಕೂಡ ಆಟ ನೋಡಲೆಂದೇ ಬಂದಿದ್ದನಂತೆ. ಎದುರು ತಂಡದಲ್ಲಿ ಆಡಿದ್ದ ಒಬ್ಬ ಎದ್ದು ನಿಂತ. “ಅವನನ್ನು ಹಿಡಿಯುದು ನಮ್ಮಿಂದ ಆಗುವ ಕೆಲಸ ಅಲ್ಲ ಮಾರಾಯ್ರೆ. ವೀಸಾ ಕ್ಯಾನ್ಸಲ್ ಮಾಡ್ಸಿ ಊರಿಗೆ ಕಳಿಸುದೇ ಸುಲಭ ಅಂತ ಮಾತಾಡ್ಕೊಳ್ತಿದ್ದೆವು,” ಎಂದ. ಎಲ್ಲರೂ ನಕ್ಕರು. ಆಕೆಯೂ ಸ್ವಲ್ಪ ನಕ್ಕರು.

ಕೊನೆಗೆ ಎಲ್ಲರ ಮಾತೂ ಅವನು ಕೊನೆಯದಾಗಿ ಆಡಿದ ಫೈನಲ್‌ಗೇ ಬಂತು. ಊದಿದ ಮಂಡಿಯಲ್ಲೇ ಅವನು ಕೊನೆಯ ರೈಡ್‌ಗೆ ಹೋದದ್ದು, ಮೂವರು ಮೈಮೇಲೆ ಬಿದ್ದರೂ ಅವರನ್ನು ಎಳೆದುಕೊಂಡೇ ಬಂದು ಮಧ್ಯದ ಗೆರೆ ಮುಟ್ಟಿದ್ದು, ನಾವು ಗೆದ್ದದ್ದು. ಬೇಡವೆಂದರೂ ಕೇಳದೆ ತಾನಾಗಿಯೇ ಎದ್ದು ಹೋದ ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಆ ಕತೆಯನ್ನು ಹಾಗೆ ಮೊದಲು ಹೇಳಿದವನು ನಾನೇ.

ನಡೆದದ್ದು ಬೇರೆ. ಇಲ್ಲಿಯ ಮರಳು ಬೆವರಿದ ಅಂಗೈಗೆ ಹಿಡಿಯುವುದಿಲ್ಲವೆಂದು ನಾವು ಊರಿನ ಕೆಂಪು ಮಣ್ಣನ್ನು ಡಬ್ಬಿಯಲ್ಲಿ ತಂದಿಟ್ಟುಕೊಂಡಿದ್ದೆವು. ರೈಡ್‌ಗೆ ಹೋಗುವವನ ಕೈಗೆ ಮ್ಯಾನೇಜರ್ ಒಂದು ಚಿಟಿಕೆ ಹಾಕಬೇಕು. ಹಾಕಿದ ಮೇಲೆ ಹೋಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಹೇಳಿದರೆ ಊರಿಗೇ ಅವಮಾನ. ಅದು ನಾವೇ ಮಾಡಿಕೊಂಡ ಕಟ್ಟಳೆ. ಅವನು ಅಂದು ಗೆರೆಯ ಹೊರಗೆ ಕಾಲು ಚಾಚಿ ಕುಳಿತಿದ್ದ. ಡಬ್ಬಿ ಹಿಡಿದು ಬಂದ ನನ್ನನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡ.

“ಆಗುದಿಲ್ಲ ಅಣ್ಣ. ಕಾಲು ನಂದಲ್ಲ ಅನ್ನಿಸ್ತಾ ಉಂಟು. ಬೇರೆಯವರನ್ನು ಕಳಿಸಿ,” ಎಂದ.

ನಾನು ಅವನ ಕೈ ಹಿಡಿದು ಬೆರಳು ಬಿಡಿಸಿ ಮಣ್ಣು ಹಾಕಿದೆ. ಅವನಿಗೆ ಇಲ್ಲಿ ಕೆಲಸ ಕೊಡಿಸಿದವನೂ ನಾನೇ. ಅವನು ನನ್ನ ಮುಖ ನೋಡಿದ, ಎದ್ದ.

ಗೆರೆ ಮುಟ್ಟಿದ ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ವ್ಯಾನ್ ಓಡಿಸುತ್ತಿದ್ದವನು ಕಾವಲುಗಾರನಾಗಿ ಒಂದು ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತ. ಅಂದಿನಿಂದ ಅವನ ಉಸಿರು ನನ್ನನ್ನು ಬಿಟ್ಟಿಲ್ಲ. ಮನೆಯಲ್ಲಿ ಏಸಿ ಒಂದೇ ಸಮನೆ ಗುಂಯ್‌ಗುಡುವಾಗ ಅದರೊಳಗೆ ಅವನು ಕಬಡ್ಡಿ, ಕಬಡ್ಡಿ ಎನ್ನುತ್ತಿರುತ್ತಾನೆ. ಉಸಿರು ಕಡಿಯುವ ಮೊದಲು ಈಚೆಗೆ ಬರಲಿ ಎಂದು ಕಾಯುತ್ತೇನೆ. ಬರುವುದಿಲ್ಲ. ಏಸಿ ಆರಿಸಿದರೂ ಅದು ನಿಲ್ಲುವುದಿಲ್ಲ.

ನನ್ನ ಸರದಿ ಬಂದಾಗ ಇದನ್ನೆಲ್ಲ ಹೇಳಿದೆ. ಅವನು ಒಲ್ಲೆ ಎಂದಿದ್ದ, ನಾನು ಬಿಡಲಿಲ್ಲ ಎಂದೆ. ಹಿಂದಿನ ಸಾಲಿನಿಂದ ಯಾರೋ, “ನೋಡಿ, ಆಗುದಿಲ್ಲ ಅಂತ ಗೊತ್ತಿದ್ದೂ ಹೋದ. ಅದು ಗಂಡಸು!” ಎಂದ. ಚಪ್ಪಾಳೆ ಶುರುವಾಯಿತು. ನಾನು ಕೈ ಎತ್ತಿ ಬೇಡ ಎಂದಷ್ಟೂ ಜೋರಾಯಿತು. ನನ್ನ ತಪ್ಪನ್ನೂ ಅವರು ಅವನ ಕತೆಗೆ ಸೇರಿಸಿಕೊಂಡುಬಿಟ್ಟರು.

ಆಕೆಯೊಬ್ಬರೇ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಊಟಕ್ಕೆ ಎದ್ದಾಗ ನನ್ನ ಹತ್ತಿರ ಬಂದರು.

“ಅವರು ಆಗುದಿಲ್ಲ ಅಂತ ಹೇಳಿದ್ರಾ ಅಣ್ಣ?”

ಹೇಳಿದ್ದ ಎಂದೆ. ಅವನ ಮಾತನ್ನು ಇದ್ದ ಹಾಗೆಯೇ ಇನ್ನೊಮ್ಮೆ ಹೇಳಿಸಿಕೊಂಡರು.

“ಚಪ್ಪಾಳೆ ಹುಚ್ಚಿಗೆ ಕಾಲು ಹಾಳು ಮಾಡ್ಕೊಂಡ್ರಿ ಅಂತ ಸಾಯುವವರೆಗೂ ಬೈದಿದ್ದೇನೆ. ಅವರು ಒಂದು ದಿನ ಸಹ ನಿಮ್ಮ ಹೆಸರು ತೆಗೀಲಿಲ್ಲ.”

ನನ್ನನ್ನು ಕ್ಷಮಿಸಿ ಎಂದು ಕೈ ಮುಗಿದೆ.

“ನೀವು ನನ್ನತ್ರ ಕೇಳಿದ್ರಿ,” ಎಂದರು. “ನಾನು ಯಾರತ್ರ ಕೇಳುದು?”

ಆಕೆ ಊಟಕ್ಕೆ ನಿಲ್ಲಲಿಲ್ಲ. ಕೆಳಗೆ ಮಗಳು ಕಾರು ತಂದಿದ್ದಳು. ಮೆಟ್ಟಿಲ ಬಳಿ ನಾನು ಕೈ ಕೊಡಲು ಹೋದೆ. ಆಕೆ ಗೋಡೆ ಹಿಡಿದುಕೊಂಡು ಇಳಿದರು.