ಲಾಳಿಗೆ ಬಾಯಿ ಹಚ್ಚಬಾರದವರು

ನಮ್ಮತ್ತಿ ಉದ್ದವ್ವನ ಸಿಟ್ಟು ಗೋಕಾಂವಿ ಊರಿಗೆಲ್ಲ ಗೊತ್ತಿತ್ತು. ಯಾಕ ಸಿಟ್ಟು ಅಂತ ಮಾತ್ರ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳತೇನಿ.

ನಾನು ಮೂಡಲಗಿಯಿಂದ ಆ ಮನಿಗೆ ಸೊಸಿಯಾಗಿ ಬಂದಾಗ ಇನ್ನೂ ಬ್ರಿಟಿಷರ ರಾಜ್ಯ. ನಮ್ಮ ಹೊಲಗೇರಿಯ ಹೆಣ್ಣುಮಕ್ಕಳೆಲ್ಲ ಪರಪ್ಪ ಸಾವಕಾರನ ಮಗ್ಗದ ಕಾರಖಾನಿಗೆ ಕಂಡಿಕಿ ಸುತ್ತತಿದ್ದರು. ಕಂಡಿಕಿ ಅಂದರ ಬೆರಳುದ್ದದ ಕೊಳವಿ. ರಾಟಿ ತಿರುವಿ ಅದಕ್ಕ ನೂಲು ಸುತ್ತಿ ಕೊಟ್ಟರ ನೇಕಾರರು ಲಾಳಿಯೊಳಗ ಇಟ್ಟು ನೇಯತಿದ್ದರು. ಮುಂಜಾನೆ ಗುಮಾಸ್ತ ಅಪ್ಪಣ್ಣ ನೂಲಿನ ಲಡಿ ಬಾಗಿಲದಿಂದ ನಮ್ಮ ಕಡೆ ಒಗೀತಿದ್ದ, ನಾಯಿಗೆ ರೊಟ್ಟಿ ಒಗದಂಗ. ಸಂಜಿಗೆ ಕಂಡಿಕಿಯ ಬುಟ್ಟಿ ಹೊಸ್ತಿಲ ಹೊರಗ ಇಟ್ಟು ನಾವು ಹಿಂದ ಸರದು ನಿಂದರಬೇಕು. ಅಂವ ತಂಬಿಗಿ ನೀರು ಚಿಮುಕಿಸಿ, ಶುದ್ಧ ಆತು ಅಂತ ಒಳಗ ಒಯ್ಯತಿದ್ದ. ಅಷ್ಟ ನೀರಿಗೆ ಹೋಗೂ ಮೈಲಿಗಿ ನಮ್ಮ ಮೈಯಿಂದ ಮಾತ್ರ ಯಾಕ ಹೋಗತಿರಲಿಲ್ಲೋ, ಆ ದೇವರಿಗೇ ಗೊತ್ತು.

ನಮ್ಮತ್ತಿಗೆ ಒಬ್ಬನೇ ಮಗ, ನನ್ನ ಗಂಡ ಯಲ್ಲಾರಿ. ಅದ ಕಾರಖಾನಿಯ ಅಂಗಳ ಕಸಾ ಹೊಡೀತಿದ್ದ. ಕಸಬರಿಗಿ ಹಿಡಕೊಂಡ ಕಿಡಕಿಯಾಗ ನೋಡಿ ನೋಡಿ ನೇಯೂದು ಕಲತಿದ್ದ. ಮನ್ಯಾಗ ಗಾಳ್ಯಾಗ ಕೈ ಆಡಿಸಿ, ಕಾಲು ತುಳದು ತೋರಸತಿದ್ದ. ಅವನ್ನ ಮಗ್ಗಕ್ಕ ಕುಂಡ್ರಸಬೇಕು ಅನ್ನೂದೊಂದ ಅತ್ತಿಯ ಆಸೆ. ಒಬ್ಬ ನೇಕಾರ ಸೊಲ್ಲಾಪುರಕ್ಕ ಹೋಗಿ ಒಂದು ಮಗ್ಗ ಖಾಲಿ ಬಿದ್ದ ಕೂಡಲೆ ನನ್ನನ್ನೂ ಕರಕೊಂಡು ಕಾರಖಾನಿ ಬಾಗಿಲಿಗೆ ಹೋದಳು.

"ಸಾವಕಾರ್ರ, ಆ ಮಗ್ಗ ನನ್ನ ಮಗಗ ಕೊಡ್ರಿ."

ಪರಪ್ಪ ಬೈಯಲಿಲ್ಲ. ಬೈಯೂ ಮಂದಿಗಿಂತ ನಗೂ ಮಂದಿ ಕೆಟ್ಟ.

"ಉದ್ದವ್ವಾ, ನಿನ್ನ ಮಗ ಶ್ಯಾಣ್ಯಾ ಅದಾನ. ನಾ ಒಲ್ಲೆ ಅನ್ನಾಂಗಿಲ್ಲ. ಆದರ ಲಾಳಿ ಕಣ್ಣಾಗಿನ ಎಳಿ ಬಾಯಿಲೆ ಚೀಪಿ ಹೊರಗ ಜಗ್ಗಬೇಕು. ಇವತ್ತ ಇವನ ಕೈಯಾಗಿನ ಲಾಳಿ ನಾಳೆ ಇನ್ನೊಬ್ಬನ ಕೈಯಾಗ. ನಿಮ್ಮ ಹುಡುಗನ ಎಂಜಲ ನಮ್ಮವರ ಬಾಯಾಗ ಬಂದರ ಹೆಂಗ? ನೀನ ಹೇಳು."

ಅತ್ತಿ ಸೆರಗು ಜಾಡಿಸಿ ಹೊಳ್ಳಿ ನಡದಳು. ಮನಿಗೆ ಬಂದು ಅಂದಳು, "ಬಾಯಿ ಅಷ್ಟ ಅಲ್ಲೇನು ಅಡ್ಡ? ಬಾಯೀನ ತಗದ ಬಿಡೂಣು."

ಮುರದ ಛತ್ರಿಯ ತಂತಿ ತಂದು, ಕಲ್ಲಿಗೆ ತಿಕ್ಕಿ ಸಣ್ಣ ಮಾಡಿ, ತುದಿ ಬಗ್ಗಿಸಿ ತಾಯಿ ಮಗ ಕೊಂಡಿ ಮಾಡಿದರು. ಲಾಳಿ ಕಣ್ಣಾಗ ತೂರಿಸಿ ಎಳದರ ಎಳಿ ಹೊರಗ. ಬಾಯಿಯ ಕೆಲಸಾನ ಇಲ್ಲ. ನನ್ನ ಗಂಡ ಅವತ್ತ ಹೊಸ ಅಂಗಿ ಹಾಕಿದ ಹುಡುಗನಂಗ ಕುಣದಾಡಿದ.

ಕೊಂಡಿ ಒಯ್ದು ಹೊಸ್ತಿಲ ಹೊರಗ ಇಟ್ಟಿವಿ. ಅಪ್ಪಣ್ಣ ನೀರು ಚಿಮುಕಿಸಿ ಎತ್ತಿದ. ನೇಕಾರರೆಲ್ಲ ಎದ್ದು ಬಂದರು. ಒಬ್ಬ ಎಳದು ನೋಡಿ "ಹಲ್ಲಾಗ ನೂಲಿನ ಅರಳಿ ಸಿಗೂದ ತಪ್ಪತು ಬಿಡ್ರಿ" ಅಂದ. ಸಾವಕಾರ "ಭೇಷ್!" ಅಂದು, "ಅಪ್ಪಣ್ಣಾ, ಎಲ್ಲಾ ಮಗ್ಗಕ್ಕೂ ಒಂದೊಂದು ಇಂಥಾದ್ದ ಮಾಡಸು" ಅಂತ ಹೇಳಿದ.

"ಹಂಗಾರ ನಾಳಿಂದ ಯಲ್ಲಾರಿ ಬರಲ್ರಿ?"

"ಬರಲಿ. ಅಂಗಳ ಕಸಾ ಯಾರು ಹೊಡೀಬೇಕು ಮತ್ತ?"

ಎಲ್ಲಾರೂ ನಕ್ಕರು.

"ಈಗ ಬಾಯಿ ಹಚ್ಚೂದ ಇಲ್ಲಲ್ರಿ ಸಾವಕಾರ್ರ!"

"ಬಾಯಿ ಇಲ್ಲದಿದ್ದರ ಕೈ ಐತಿ, ಮೈ ಐತಿ. ಹೊಲ್ಯಾರ ಹುಡುಗನ ಬಾಜೂಕ ಕುಂಡ್ರಾಂವ ಯಾರು? ಸುಮ್ಮನ ಹೋಗ."

ಬಾಯಿ ಬರೇ ನೆವ ಆಗಿತ್ತು. ನಾವು ಎಷ್ಟು ನೆವ ತಗದು ಹಾಕಿದರೂ ಅವರ ಹಂತೇಲಿ ಇನ್ನೊಂದು ಇದ್ದ ಇರತೈತಿ. ನನ್ನ ಕಿವಿ ಕಾದ ಹಂಚಾತು. ಅತ್ತಿ ಮಾತ್ರ ಸೆರಗು ಸೊಂಟಕ್ಕ ಕಟ್ಟಿದಳು.

"ಕೇಳ್ರಿ ಎಲ್ಲಾರೂ! ರಾಟಿ ಮ್ಯಾಲ ಎಳಿ ಹರದರ ನಾವು ಹೆಂಗ ಹೊಸೀತೇವಿ ಗೊತ್ತೈತೇನ್ರಿ? ಬಟ್ಟು ನಾಲಿಗಿಗೆ ಹಚ್ಚಿ, ಉಗುಳಲೆ ಹೊಸೀತೇವಿ. ನಾನು, ಬಾಜೂಮನಿ ತಾಯವ್ವ, ಕೇರಿಯಾಗಿನ ಒಬ್ಬಾಕಿನೂ ಬಿಡದ. ಆ ಎಳೀನ ನೀವು ದಿನಾ ಚೀಪಿದ್ದು! ನನ್ನ ಉಗುಳು ನಿಮ್ಮ ಅಪ್ಪಗೋಳ ಕಾಲದಿಂದ ನಿಮ್ಮ ಬಾಯಾಗ ಐತಿ. ಯಾರ ನಾಲಿಗಿ ಉದರಿ ಬಿತ್ತು? ತಗೀರಿ ಬಾಯಿ, ನೋಡೂಣು!"

ಒಬ್ಬ ಥೂ ಥೂ ಅಂತ ಉಗುಳಿದ. ಇನ್ನೊಬ್ಬ ನೀರಿನ ಹೌದಿನ ಕಡೆ ಓಡಿ ಬಾಯಿ ಮುಕ್ಕಳಿಸಿದ. ಅತ್ತಿ ನಕ್ಕಳು. ಆ ನಗಿ ನೆನಸಿದರ ಈಗಲೂ ನನಗ ಹೊಟ್ಟಿ ತಣ್ಣಗಾಗತೈತಿ.

ಮರುದಿನ ನೂಲು ಬರಲಿಲ್ಲ. ನಮಗ ಅಷ್ಟ ಅಲ್ಲ, ಇಡೀ ಕೇರಿಗೆ. ಯಲ್ಲಾರಿಯ ಕಸಬರಿಗೀನೂ ಹೋತು.

ತಾಯವ್ವ ಬಾಗಿಲಾಗ ನಿಂತು ಬೈದಳು. "ಬೆಂಕಿ ಹಾಕ ನಿನ್ನ ಬಾಯಿಗೆ! ಸಿಟ್ಟು ನಿಂದು, ಉಪವಾಸ ನಮ್ಮ ಮಕ್ಕಳು. ನನ್ನ ಹೆಸರು ಯಾಕ ತಗದೆ?"

 ಅತ್ತಿ ಗೋಡಿಗೆ ಮುಖ ಮಾಡಿ ಕುಂತಳು. ಭುಜ ಅಲುಗತಿತ್ತು. ನಾನು ಸಣ್ಣಾಕಿ, ತಿಳೀದ ಅಂದೆ, "ಸುಮ್ಮನಿದ್ದರ ಚೊಲೋ ಇತ್ತೇನೋ ಅತ್ತಿ."

ತಟ್ಟನ ತಿರುಗಿದಳು. "ಸುಮ್ಮನಿರಾಕ ನನಗ ಬರತೈತಿ ಕಾಶೀ. ಹುಟ್ಟಿದಾಗಿಂದ ಇದ್ದೇನಿ. ಸುಮ್ಮನಿದ್ದದ್ದಕ್ಕ ಯಾರರ ಮಗ್ಗ ಕೊಟ್ಟರೇನು?"

ಜ್ವಾಳದ ಸುಗ್ಗಿಯಾಗ ಕೂಲಿ ಮಾಡಿ, ನುಚ್ಚು ಕುಡದು ದಿನ ದೂಡಿದಿವಿ. ಊರಾಗ ಲಗ್ನದ ದಿನಗೋಳು ಹತ್ತರ ಬಂದಾಗ ಬಟ್ಟಿ ಅರಿವಿಗೆ ಗಿರಾಕಿ ಹೆಚ್ಚಾತು, ಕಂಡಿಕಿ ಸುತ್ತಾವರು ಬ್ಯಾರೆ ಸಿಗಲಿಲ್ಲ. ಆಗ ಅಪ್ಪಣ್ಣ ಲಡಿ ಹೊರಿಸಿಕೊಂಡು ತಾನ ಕೇರಿ ಬಾಯಿಗೆ ಬಂದ. "ರಾಟಿ ಬಾಜೂಕ ನೀರಿನ ಬಟ್ಟಲ ಇಟಗೋಬೇಕು. ಬಟ್ಟು ನಾಲಿಗಿಗೆ ಹಚ್ಚಿದ್ದು ಕಂಡರ ನೋಡ್ರಿ. ಉದ್ದವ್ವಾ, ನಿನಗಿಲ್ಲ."

"ನಾ ಕೇಳಿದೆನೇನು?" ಅಂದಳು ಅತ್ತಿ.

ಉಳದವರು ತಗೊಂಡರು. ನಾನು ಅವರನ್ನ ಬೈಯೂದಿಲ್ಲ. ಮಕ್ಕಳ ಹೊಟ್ಟಿ ಸಿಟ್ಟಿಲೆ ತುಂಬೂದಿಲ್ಲ.

ಅತ್ತಿ ಮನಿಗೆ ಬಂದಾಕಿ ಗುದ್ದಲಿ ತಗೊಂಡು, ನಮ್ಮ ಒಂದ ಖೋಲಿಯ ಮನಿಯ ನಟ್ಟನಡುವ ಅಗಿಯಾಕ ಹತ್ತಿದಳು.

"ಏನ ಮಾಡಾಕತ್ತೀರಿ ಅತ್ತಿ?"

"ಮಗ್ಗಕ್ಕ ತೆಗ್ಗು. ಹಿಂದಿನವರು ತೆಗ್ಗಿನೊಳಗ ಕಾಲು ಇಳೇಬಿಟ್ಟ ಕುಂತು ನೇಯತಿದ್ದರು."

"ಮಗ್ಗ ಎಲ್ಲೈತ್ರಿ?"

"ಇಲ್ಲ."

"ನೂಲು?"

"ಅದೂ ಇಲ್ಲ. ಮಗ್ಗ ಬಂದ ದಿನ ಜಾಗಾ ಇಲ್ಲ ಅನಬಾರದು. ಹಿಡಿ ಬುಟ್ಟಿ."

ಯಲ್ಲಾರಿ ಕೂಲಿಯಿಂದ ಬಂದ. ತಾಯಿ ಕೈಯಾಗಿನ ಗುದ್ದಲಿ ಇಸಗೊಂಡ. ಸಪ್ಪಳ ಕೇಳಿ ತಾಯವ್ವ ಇಣುಕಿದಳು.

"ಯವ್ವಾ, ಮಂದಿ ಹೆಣದ ಕುಣಿ ಊರ ಹೊರಗ ತೋಡತಾರ, ನೀ ಮನ್ಯಾಗ ತೋಡಾಕತ್ತಿ?"

"ಪರಪ್ಪನ ನಗಿ ಹೂಳಾಕತ್ತೇನಿ. ಬರಾಕಿದ್ದರ ಒಳಗ ಬಾ, ಇಲ್ಲಂದ್ರ ಬೆಳಕ ಬಿಟ್ಟು ನಿಂದರ."

 ತಾಯವ್ವ ಒಳಗ ಬಂದು ಮಣ್ಣಿನ ಬುಟ್ಟಿ ತಲಿ ಮ್ಯಾಲ ಹೊತ್ತಳು. ತಿಪ್ಪಿತನಕ ಹೋಗೂಮುಂದ ಬರೂಮುಂದ ಅತ್ತಿಯನ್ನ ಬೈಯೂದು ಮಾತ್ರ ಬಿಡಲಿಲ್ಲ.

ಆ ತೆಗ್ಗು ಮೂರು ಮಳಿಗಾಲ ಖಾಲಿ ಇತ್ತು. ನನ್ನ ಹಿರೇ ಮಗ ಅಂಬೆಗಾಲಿಡತ ಅದರಾಗ ಬಿದ್ದು ಹಣಿ ಒಡಕೊಂಡ. ಬೀಗರು ಬಂದರ ಬಾಯಿ ಮುಚ್ಚಿ ನಗತಿದ್ದರು. ಕಡೀಕ ಹುಕ್ಕೇರಿಯಾಗ ನೇಕಾರಿಕಿ ಬಿಟ್ಟ ಒಂದು ಮನಿಯಿಂದ, ಕೂಡಿಟ್ಟ ಕೂಲಿ ರೊಕ್ಕಕ್ಕ, ಒಂದಿಷ್ಟು ನೂಲಿನ ಸಂಗಾಟ ಹಳೇ ಮಗ್ಗ ಸಿಕ್ಕಿತು. ಬಿಚ್ಚಿ, ಕಟಗಿ ಕಟಗಿ ತಲಿ ಮ್ಯಾಲ ಹೊತ್ತು ತಂದಿವಿ. ಯಲ್ಲಾರಿ ತೆಗ್ಗಿನೊಳಗ ಕಾಲಿಟ್ಟು ಕುಂತ ದಿನ ಇಡೀ ಕೇರಿ ಬಾಗಿಲಾಗ ನಿಂತಿತ್ತು.

"ಈಗರ ಸಿಟ್ಟು ಇಳೀತೇನ್ರಿ ಅತ್ತಿ?" ಅಂದೆ.

"ಯಾಕ ಇಳೀಬೇಕು? ಇದು ಒಂದ ಮನಿ ಆತು." ಮೂಲ್ಯಾಗಿನ ಗುದ್ದಲಿ ಹೆಗಲಿಗೆ ಹಾಕಿ, ಮಂದಿಯನ್ನ ಸರಿಸಿಕೊಂತ ಹೊರಗ ನಡದಳು. "ಏ ತಾಯವ್ವಾ, ನಿಮ್ಮ ಮನ್ಯಾಗ ಎಲ್ಲಿ ಅಗೀಲಿ ಹೇಳು."