ತೊರೆಗೆ ಹೊಲಸು ಬಿಟ್ಟವರು

ನಲ್ಲಿ ರಿಪೇರಿಯವನ ಬಾಯಿ ಜೋರು, ಕೈ ಚೊಕ್ಕ ಎಂದು ಬಡಾವಣೆಯವರೆಲ್ಲ ಒಪ್ಪುತ್ತಿದ್ದರು. ತಾನು ಕೂಡಿಸಿದ ಪೈಪು ಸೋರಿದರೆ ಮೀಸೆ ಬೋಳಿಸುತ್ತೇನೆ ಎನ್ನುವ ಆಸಾಮಿ. ಹೆಂಡತಿ ತೀರಿಹೋದ ಮೇಲೆ ಆ ಜೋರು ಅರ್ಧಕ್ಕರ್ಧ ಇಳಿದಿತ್ತು.

ಪಾರ್ಕಿನ ತೊರೆಯನ್ನು ಸರಿಮಾಡೋಣವೆಂದು ಅಕ್ಕಪಕ್ಕದವರು ಸೇರಿದಾಗ ಮೊದಲು ಗುದ್ದಲಿ ಹಿಡಿದವನು ಅವನೇ. ತೊರೆ ಅನ್ನುವುದು ಹೆಸರಿಗಷ್ಟೇ, ಮೂಗು ಮುಚ್ಚಿಕೊಂಡು ದಾಟುವ ಗಟಾರ ಅದು. ಹೆಂಡತಿ ಹಾಸಿಗೆ ಹಿಡಿದದ್ದು ಅದರ ಕಡೆಗೇ ತೆರೆಯುವ ಕಿಟಕಿಯ ಪಕ್ಕದಲ್ಲಿ. ಕೊನೆಕೊನೆಗೆ ತುತ್ತು ಬಾಯಿಗಿಟ್ಟರೆ ಸಾಕು, ಆ ವಾಸನೆಗೆ ಹೊಟ್ಟೆ ತೊಳಸಿ ಎಲ್ಲ ಹೊರಗೆ. ಹೊಲಸು ಬಿಡುವವರನ್ನು ಪತ್ತೆ ಹಚ್ಚದೆ ಬಿಡೆನೆಂದು ಅವನು ಹಟ ತೊಟ್ಟಿದ್ದ. ಪತ್ತೆ ಹಚ್ಚಿ ಏನು ಮಾಡುತ್ತೀಯೆಂದು ಮಗಳು ಕೇಳಿದರೆ, ಮುಖಕ್ಕೆ ಉಗಿದು ಬರುತ್ತೇನೆ ಎನ್ನುತ್ತಿದ್ದ.

ಹೂಳೆತ್ತಿದರು, ದಡಕ್ಕೆ ಕಲ್ಲು ಕಟ್ಟಿ ಹುಲ್ಲು ನೆಟ್ಟರು. ನೀರು ಮಾತ್ರ ತಿಳಿಯಾಗಲೊಲ್ಲದು. ಯಾವುದೋ ಮನೆಯ ಕಕ್ಕಸಿನ ಪೈಪು ಮಳೆನೀರಿನ ಕೊಳವೆಗೆ ಸೇರಿಕೊಂಡಿರಬೇಕು ಎಂದಾಯಿತು. ಅದನ್ನು ಹಿಡಿಯುವ ಉಪಾಯ ಸುಲಭ: ಒಬ್ಬರು ಮನೆಯ ಕಕ್ಕಸಿಗೆ ಹಸಿರು ಬಣ್ಣ ಸುರಿದು ನೀರು ಬಿಡುವುದು, ಇನ್ನೊಬ್ಬರು ಆ ಕೊಳವೆ ತೊರೆಗೆ ಬೀಳುವಲ್ಲಿ ಕಾಯುವುದು. ಮನೆಮನೆಗೂ ಸುರಿದದ್ದಾಯಿತು, ಬಣ್ಣದ ಸುಳಿವಿಲ್ಲ. ತನ್ನ ಮನೆಯನ್ನಷ್ಟೇ ಅವನು ಬಿಟ್ಟಿದ್ದ. ಸ್ವಂತ ಕೈಯ ಕೆಲಸಕ್ಕೆ ಎಂಥ ಪರೀಕ್ಷೆ! ನಾಳೆ ಯಾರೂ ಮಾತಾಡಬಾರದೆಂದು ಮಗಳ ಕೈಗೆ ಬಣ್ಣ ಕೊಟ್ಟು, ತಾನು ಹೋಗಿ ತೊರೆಯ ಬಳಿ ನಿಂತ.

ಹಸಿರು ನೀರು ದಬದಬನೆ ಬಂದು ಬಿತ್ತು.

ಹೆಂಡತಿಗೆ ಹಿತ್ತಲವರೆಗೆ ನಡೆಯಲಾಗದೆ ಹೋದಾಗ ಹಾಸಿಗೆಯ ಪಕ್ಕದಲ್ಲೇ ಅವನೊಂದು ಕಕ್ಕಸು ಕಟ್ಟಿದ್ದ. ನೆಲದಡಿ ಒಳಚರಂಡಿಯದು, ಮಳೆನೀರಿನದು ಎಂದು ಎರಡು ಕೊಳವೆ ಜೊತೆಜೊತೆಗೆ ಹೋಗಿದ್ದವು. ಅವಳ ನರಳಾಟ ಕೇಳುತ್ತ, ಅವಸರದಲ್ಲಿ ಮಳೆನೀರಿನದಕ್ಕೆ ಕೂಡಿಸಿಬಿಟ್ಟಿದ್ದ. ವಾಸನೆ ತಡೆಯಲಾರದಷ್ಟು ಹೆಚ್ಚಿದ್ದೂ ಆಮೇಲೆಯೇ.

ಸಂಜೆ ಅವನು ಆ ನೆಲ ಒಡೆಯುತ್ತಿದ್ದಾಗ ಮಗಳು ಬಾಗಿಲಲ್ಲಿ ನಿಂತು, "ಅಮ್ಮನಿಗೋಸ್ಕರ ತಾನೇ ಕಟ್ಟಿದ್ದು, ಬಿಡಪ್ಪ" ಎಂದಳು.

"ವಾಸನೆ ಬಂದಾಗಲೆಲ್ಲ ನಾನು ಬೀದಿಯವರನ್ನೆಲ್ಲ ಬೈತಾ ಇದ್ದೆ ಕಣಮ್ಮ. ಪಾಪ, ಯಾರ ಮನೇಲಿ ಏನು ಕಷ್ಟ ಇದೆಯೋ, ಬೈಬೇಡಿ ಅಂತ ಅವಳು ಅಂತಿದ್ಲು."

ಅಷ್ಟು ಹೇಳಿ ಅವನು ಒಡೆದ ನೆಲದ ಮೇಲೇ ಕೂತುಬಿಟ್ಟ.